ರೈತನ ಜೇಬಿನಲ್ಲೊಂದು ಬಹೂಪಯೋಗಿ ಚಾಕು

ಹೊಲಕ್ಕೆ ಹೊರಡುವಾಗ ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಕುಡುಗೋಲು ಹಿಡಿಯುವುದು ನಮ್ಮ ರೈತರ ವಾಡಿಕೆ. ಆದರೆ ದಿನದ ದುಡಿಮೆಯಲ್ಲಿ ಗುದ್ದಲಿಗೂ ಕುಡುಗೋಲಿಗೂ ಒಗ್ಗದ ಸಣ್ಣ ಕೆಲಸಗಳು ಎಷ್ಟೋ ಬರುತ್ತವೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಹುರಿ ಕತ್ತರಿಸಬೇಕು, ಸಿಂಪರಣಾ ಯಂತ್ರದ ಸಡಿಲವಾದ ತಿರುಪು ಬಿಗಿಯಬೇಕು, ಕಾಲಿಗೆ ನೆಟ್ಟ ಜಾಲಿ ಮುಳ್ಳು ತೆಗೆಯಬೇಕು. ಇಂಥ ಪ್ರತಿಯೊಂದು ಕೆಲಸಕ್ಕೂ ಮನೆಯತನಕ ನಡೆದು ಬಂದರೆ ಅರ್ಧ ದಿನ ಹಾದಿಯಲ್ಲೇ ಕಳೆಯುತ್ತದೆ. ಹಲ್ಲಿನಿಂದ ಹುರಿ ಕಚ್ಚಿ ಹರಿಯುವುದು, ಕುಡುಗೋಲಿನ ಮೊನೆಯಿಂದ ತಿರುಪು ತಿರುಗಿಸುವುದು ಇವೆಲ್ಲ ಹಲ್ಲನ್ನೂ ಕುಡುಗೋಲನ್ನೂ ಕೆಡಿಸುವ ಉಪಾಯಗಳು. ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ, ಹಲವು ಸಾಧನಗಳುಳ್ಳ ಒಂದು ಚಾಕು ಇದ್ದರೆ ಈ ತೊಂದರೆಗಳಲ್ಲಿ ಬಹುಪಾಲು ನಿವಾರಣೆಯಾಗುತ್ತದೆ.

ಚಾಕು ಜೇಬಿನಲ್ಲಿದ್ದರೆ ಮಾತ್ರ ಸಾಲದು, ಅದು ಕೆಲಸಕ್ಕೆ ಸಿದ್ಧವಾಗಿಯೂ ಇರಬೇಕು. ಈ ಮಾತನ್ನು ನಾನು ಕಲಿತದ್ದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಕ್ಷೇತ್ರ ಭೇಟಿಗೆಂದು ಒಂದು ಹಳ್ಳಿಗೆ ಹೋಗಿದ್ದಾಗ ತೋಟದ ಬದುವಿನಲ್ಲಿ ಕಟ್ಟಿದ್ದ ಹೆಣ್ಣು ಕರುವೊಂದು ಹಗ್ಗ ಸುತ್ತಿಕೊಂಡು ಇಳಿಜಾರಿಗೆ ಉರುಳಿ ಬಿದ್ದಿತ್ತು. ಕೊರಳಿನ ಕುಣಿಕೆ ಬಿಗಿದು ಕಣ್ಣು ಮೇಲಕ್ಕೆ ಸಿಕ್ಕಿತ್ತು. ನನ್ನ ಜೇಬಿನಲ್ಲಿ ಚಾಕು ಇತ್ತು. ಆದರೆ ಹಿಂದಿನ ವಾರ ನಿಂಬೆಹಣ್ಣು ಕೊಯ್ದು ಒರೆಸದೆ ಮಡಚಿ ಇಟ್ಟದ್ದರಿಂದ ಕೀಲು ತುಕ್ಕು ಹಿಡಿದು ಅಲಗು ಹೊರಗೆ ಬರಲೇ ಇಲ್ಲ. ಮನೆಯ ಯಜಮಾನಿತಿ ಕುಡುಗೋಲು ಹಿಡಿದು ಓಡಿ ಬರುವ ಹೊತ್ತಿಗೆ ಕರು ಉಳಿಯಲಿಲ್ಲ. ಯುದ್ಧ ಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಗಾದೆ ಅಂದು ನನ್ನ ಪಾಲಿಗೆ ನಿಜವಾಯಿತು. ಆದ್ದರಿಂದ ಈ ಲೇಖನದಲ್ಲಿ ಚಾಕುವಿನ ಉಪಯೋಗದಷ್ಟೇ ಅದರ ಪಾಲನೆಗೂ, ಅದರಿಂದ ಮಾಡಬಾರದ ಕೆಲಸಗಳಿಗೂ ಮಹತ್ವ ಕೊಡಲಾಗಿದೆ.

ಬಹೂಪಯೋಗಿ ಚಾಕು ಬಂದ ಬಗೆ

ಹಲವು ಸಣ್ಣ ಸಾಧನಗಳನ್ನು ಮೈಮೇಲೆ ಇಟ್ಟುಕೊಳ್ಳುವುದು ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ. ಎಲೆಯಡಿಕೆ ಚೀಲದಲ್ಲಿ ಅಡಕೊತ್ತು, ಸುಣ್ಣದ ಡಬ್ಬಿ ಇರುತ್ತಿದ್ದವು. ಮುಳ್ಳು ತೆಗೆಯುವ ಚಿಮಟ, ಕಿವಿಯ ಕುಗ್ಗೆ ತೆಗೆಯುವ ಕಡ್ಡಿ ಇವನ್ನು ಒಂದೇ ಬಳೆಗೆ ಪೋಣಿಸಿ ಉಡಿದಾರಕ್ಕೆ ಕಟ್ಟಿಕೊಳ್ಳುವ ರೂಢಿಯೂ ಇತ್ತು. ಇವನ್ನೇ ಒಂದು ಹಿಡಿಯೊಳಗೆ ಮಡಚಿ ಸೇರಿಸಿದರೆ ಇಂದಿನ ಬಹೂಪಯೋಗಿ ಚಾಕು ಆಗುತ್ತದೆ.

ಈ ಬಗೆಯ ಚಾಕುಗಳಲ್ಲಿ ಹೆಸರಾದದ್ದು ಸ್ವಿಟ್ಜರ್‌ಲೆಂಡ್ ದೇಶದ ಸೈನಿಕರ ಚಾಕು. ಕಾರ್ಲ್ ಎಲ್ಸೆನರ್ ಎಂಬ ಕುಶಲಕರ್ಮಿ 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಚಾಕು ತಯಾರಿಸುವ ಕಮ್ಮಟವನ್ನು ತೆರೆದನು. ಅವನು 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಮೊದಲ ಬಾರಿಗೆ ಚಾಕುಗಳನ್ನು ಒದಗಿಸಿದನು. ಅದರಲ್ಲಿ ಒಂದು ಅಲಗು, ತೂತು ಕೊರೆಯುವ ದಬ್ಬಣ, ಡಬ್ಬ ತೆರೆಯುವ ಕೊಕ್ಕೆ ಮತ್ತು ಬಂದೂಕನ್ನು ಬಿಚ್ಚಲು ಬೇಕಾದ ಸ್ಕ್ರೂಡ್ರೈವರ್ ಇದ್ದವು. ಇನ್ನೂ ಹಗುರವಾದ, ಎರಡು ಅಲಗಿನ ಅಧಿಕಾರಿಗಳ ಚಾಕು 1897ರಲ್ಲಿ ಬಂದಿತು. ಫ್ರಾನ್ಸ್ ದೇಶದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಸರಳ ಮಡಚು ಚಾಕುವನ್ನು ರೂಪಿಸಿದನು. ಅಮೆರಿಕದ ಟಿಮ್ ಲೆದರ್‌ಮ್ಯಾನ್ ಇಕ್ಕಳವನ್ನೇ ಮುಖ್ಯ ಸಾಧನವಾಗಿ ಮಾಡಿ, ಅದರ ಹಿಡಿಗಳೊಳಗೆ ಚಾಕು, ಅರ, ಸ್ಕ್ರೂಡ್ರೈವರ್‌ಗಳನ್ನು ಸೇರಿಸಿದ ಸಾಧನವನ್ನು 1983ರಲ್ಲಿ ಮಾರಾಟಕ್ಕೆ ತಂದನು. ಈಗ ನಮ್ಮ ಪೇಟೆಗಳಲ್ಲಿ ಸಿಗುವ ಬಹೂಪಯೋಗಿ ಚಾಕುಗಳೆಲ್ಲ ಹೆಚ್ಚುಕಡಿಮೆ ಈ ಎರಡು ಬಗೆಗಳಲ್ಲಿ ಒಂದನ್ನು ಅನುಸರಿಸಿದವುಗಳೇ.

ಯಾವ ಸಾಧನ ಯಾವ ಕೆಲಸಕ್ಕೆ?

ಚಾಕುವಿನಲ್ಲಿ ಸಾಧನಗಳು ಹೆಚ್ಚಿದಷ್ಟೂ ಒಳ್ಳೆಯದು ಎಂದು ತಿಳಿಯಬಾರದು. ದಪ್ಪ ಹೆಚ್ಚಿದ ಚಾಕು ಜೇಬಿಗೆ ಭಾರವಾಗಿ, ಕೊನೆಗೆ ಮನೆಯ ಗೂಡಿನಲ್ಲಿ ಉಳಿಯುತ್ತದೆ. ರೈತನಿಗೆ ನಿಜವಾಗಿ ಬೇಕಾದ ಸಾಧನಗಳು ಐದಾರು ಮಾತ್ರ.

1. ದೊಡ್ಡ ಅಲಗು: ಹುರಿ, ಹಗ್ಗ, ಪ್ಲಾಸ್ಟಿಕ್ ಹಾಳೆ, ಹನಿ ನೀರಾವರಿಯ ತೆಳು ಕೊಳವೆ ಇವುಗಳನ್ನು ಕತ್ತರಿಸಲು. ಗೊಬ್ಬರದ ಚೀಲವನ್ನು ಅಡ್ಡಲಾಗಿ ಸೀಳುವುದಕ್ಕಿಂತ ಬಾಯಿಯ ಹೊಲಿಗೆಯ ಒಂದು ತುದಿಯ ದಾರವನ್ನು ಕತ್ತರಿಸಿ ಎಳೆಯುವುದು ಲೇಸು. ಸರಿಯಾದ ತುದಿ ಹಿಡಿದರೆ ಹೊಲಿಗೆ ಸರಪಳಿಯಂತೆ ತಾನೇ ಬಿಚ್ಚಿಕೊಂಡು ಬರುತ್ತದೆ, ಚೀಲವೂ ಉಳಿಯುತ್ತದೆ.

2. ಸ್ಕ್ರೂಡ್ರೈವರ್: ಸಿಂಪರಣಾ ಯಂತ್ರದ ರಬ್ಬರ್ ಕೊಳವೆಯ ಬಿಗಿಪಟ್ಟಿ, ಬೈಸಿಕಲ್ಲಿನ ತಿರುಪು ಮುಂತಾದುವನ್ನು ಬಿಗಿಯಲು. ಬೆನ್ನ ಮೇಲಿನ ಯಂತ್ರದ ಕೊಳವೆ ಸಡಿಲವಾಗಿ ಔಷಧಿ ಬೆನ್ನಿಗೆ ಸೋರುವುದು ಅಪಾಯ. ಅದನ್ನು ಸಿಂಪರಣೆಗೆ ಮೊದಲೇ, ಬರೀ ನೀರು ಹಾಕಿ ಪರೀಕ್ಷಿಸಿ ಬಿಗಿಗೊಳಿಸಬೇಕು.

3. ದಬ್ಬಣ: ಗೋಣಿಚೀಲ ಹೊಲಿಯಲು, ಚರ್ಮದ ಪಟ್ಟಿಗೆ ತೂತು ಮಾಡಲು. ದಬ್ಬಣವನ್ನಾಗಲೀ ತಂತಿಯನ್ನಾಗಲೀ ಸಿಂಪರಣಾ ಯಂತ್ರದ ಮೂತಿಯ ರಂಧ್ರಕ್ಕೆ ಚುಚ್ಚಬಾರದು. ರಂಧ್ರ ಹಿಗ್ಗಿದರೆ ಔಷಧಿ ಹನಿ ದಪ್ಪವಾಗಿ, ಎಕರೆಗೆ ಬೀಳುವ ಪ್ರಮಾಣವೇ ಬದಲಾಗುತ್ತದೆ. ಕಟ್ಟಿಕೊಂಡ ಮೂತಿಯನ್ನು ಬಿಚ್ಚಿ, ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಬಾಯಿಂದ ಊದುವುದಂತೂ ಕೂಡದು.

4. ಸಣ್ಣ ಗರಗಸ: ಹೆಬ್ಬೆರಳಿನ ದಪ್ಪದ ಕೊಂಬೆ, ಬಿದಿರಿನ ಗೂಟ ಇವಕ್ಕೆ ಸಾಕು. ಅದಕ್ಕಿಂತ ದಪ್ಪನೆಯದಕ್ಕೆ ಕೈ ಗರಗಸವನ್ನೇ ಬಳಸಬೇಕು.

5. ಚಿಮಟ: ಮುಳ್ಳು ತೆಗೆಯಲು. ಜೇನುನೊಣದ ಕೊಂಡಿಯನ್ನು ತಡಮಾಡದೆ ತೆಗೆಯಲೂ ಇದು ನೆರವಾಗುತ್ತದೆ.

6. ಇಕ್ಕಳ: ಬೇಲಿ ತಂತಿ ತಿರುಚಲು, ಮೊಳೆ ಕೀಳಲು. ಪಂಪುಸೆಟ್ಟು ಇರುವವರಿಗೆ ಇಕ್ಕಳವುಳ್ಳ ಬಗೆಯೇ ಹೆಚ್ಚು ಅನುಕೂಲ.

ಬೆಳೆಯ ಒಳಗನ್ನು ನೋಡಲು ಚಾಕು

ಚಾಕುವಿನ ಅತ್ಯಂತ ಬೆಲೆಯುಳ್ಳ ಉಪಯೋಗವನ್ನು ನಮ್ಮಲ್ಲಿ ಅನೇಕರು ಇನ್ನೂ ಗುರುತಿಸಿಲ್ಲ. ಗಿಡ ಬಾಡಿದೊಡನೆ ಅಂಗಡಿಗೆ ಓಡಿ ಕೈಗೆ ಸಿಕ್ಕ ಔಷಧಿ ತರುವುದಕ್ಕೆ ಮುಂಚೆ ಒಂದು ಗಿಡವನ್ನು ಸೀಳಿ ನೋಡಿದರೆ, ಕಾರಣ ಅಲ್ಲೇ ಕಣ್ಣಿಗೆ ಬೀಳುವುದುಂಟು.

ಟೊಮೆಟೊ ಮತ್ತು ಬದನೆ: ಎಲೆಗಳು ಹಸಿರಾಗಿರುವಾಗಲೇ ಗಿಡ ಒಮ್ಮೆಲೇ ಸೊರಗಿದರೆ, ಬುಡದ ಬಳಿಯಿಂದ 5 ಸೆಂ.ಮೀ. ಉದ್ದದ ಕಾಂಡದ ತುಂಡನ್ನು ಕತ್ತರಿಸಿ ತೊಳೆಯಿರಿ. ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ತುಂಡಿನ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆಗಳು ಕೆಳಕ್ಕೆ ಇಳಿದರೆ ಅದು ದುಂಡಾಣು ಸೊರಗು ರೋಗ. ಎಳೆ ಇಳಿಯದೆ ಕಾಂಡದ ಒಳಗೆ ಕಂದು ಗೆರೆಗಳಷ್ಟೇ ಕಂಡರೆ ಶಿಲೀಂಧ್ರದಿಂದ ಬಂದ ಸೊರಗು ರೋಗವಿರಬಹುದು. ದುಂಡಾಣು ಸೊರಗು ರೋಗ ತಗಲಿದ ಗಿಡವನ್ನು ಗುಣಪಡಿಸುವ ಸಿಂಪರಣೆ ಇಲ್ಲ. ಗಿಡವನ್ನು ಬೇರುಸಹಿತ ಕಿತ್ತು ಸುಟ್ಟು, ರೋಗದ ಗಿಡದಿಂದ ಆರೋಗ್ಯವಾದ ಗಿಡದ ಕಡೆಗೆ ನೀರು ಹರಿಯದಂತೆ ನೋಡಿಕೊಂಡು, ಮುಂದಿನ ಬೆಳೆಯಾಗಿ ಜೋಳ, ರಾಗಿ, ಮುಸುಕಿನ ಜೋಳದಂಥ ಧಾನ್ಯ ಬೆಳೆಯುವುದೇ ದಾರಿ. ಒಂದು ಲೋಟ ನೀರಿನ ಈ ಪರೀಕ್ಷೆ ಅನಾವಶ್ಯಕ ಔಷಧಿಯ ಖರ್ಚನ್ನು ತಪ್ಪಿಸುತ್ತದೆ.

ತೊಗರಿ: ಸಾಲಿನಲ್ಲಿ ಅಲ್ಲಲ್ಲಿ ಗಿಡ ಒಣಗಿದ್ದರೆ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಬೇಕು. ತೊಗಟೆಯ ಕೆಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದರೆ ಅದು ನೆಟೆ ರೋಗ. ಇದು ಮಣ್ಣಿನಿಂದ ಬರುವ ರೋಗವಾದ್ದರಿಂದ ನಿರೋಧಕ ತಳಿಗಳ ಆಯ್ಕೆ, ಪ್ರತಿ ಕಿ.ಗ್ರಾಂ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ ಮತ್ತು ಬೆಳೆ ಬದಲಾವಣೆ ಇವೇ ಮುಂದಿನ ವರ್ಷಕ್ಕೆ ರಕ್ಷಣೆ.

ಹತ್ತಿ: ಗುಲಾಬಿ ಕಾಯಿಕೊರಕದ ಹುಳು ಕಾಯಿಯ ಒಳಗೇ ಇರುವುದರಿಂದ ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಎಕರೆಯಲ್ಲಿ ಅಲ್ಲಲ್ಲಿ ತಿರುಗಾಡಿ 20 ಹಸಿರು ಕಾಯಿಗಳನ್ನು ಕಿತ್ತು ಚಾಕುವಿನಿಂದ ಸೀಳಬೇಕು. ಅವುಗಳಲ್ಲಿ 2 ಅಥವಾ ಹೆಚ್ಚು ಕಾಯಿಗಳಲ್ಲಿ ಹುಳು ಕಂಡರೆ, ಅಂದರೆ ಶೇಕಡ 10 ಅಥವಾ ಅದಕ್ಕಿಂತ ಹೆಚ್ಚಾದರೆ, ಹತೋಟಿ ಕ್ರಮ ಕೈಗೊಳ್ಳಬೇಕು. ಬಿ.ಟಿ. ಹತ್ತಿಗೂ ಈ ಹುಳು ಈಗ ಬೀಳುತ್ತಿರುವುದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ.

ಭತ್ತ: ಸುಳಿ ಒಣಗಿದ ತೆಂಡೆಯನ್ನು ಎಳೆದಾಗ ಸುಲಭವಾಗಿ ಕಿತ್ತು ಬಂದರೆ, ಕೆಳಗಿನ ಭಾಗವನ್ನು ಸೀಳಿ ನೋಡಿರಿ. ಕಾಂಡಕೊರಕದ ಮರಿಹುಳು ಅಥವಾ ಅದರ ಹಿಕ್ಕೆ ಒಳಗಿರುತ್ತದೆ. ಸುಳಿಯು ಈರುಳ್ಳಿ ಎಲೆಯಂತೆ ಬಿಳಿಯ ಕೊಳವೆಯಾಗಿದ್ದರೆ ಅದು ಕಣೆ ನೊಣದ ಬಾಧೆ. ಎರಡಕ್ಕೂ ಹತೋಟಿ ಕ್ರಮ ಬೇರೆ ಬೇರೆ.

ಬಾಳೆ: ಹಳದಿಯಾಗಿ ಜೋತುಬಿದ್ದ ಎಲೆಗಳ ಗಿಡದ ದಿಂಡನ್ನು ಅಡ್ಡಲಾಗಿ ಕೊಯ್ದಾಗ ಕೆಂಪುಗಂದು ಉಂಗುರ ಅಥವಾ ಗೆರೆಗಳು ಕಂಡರೆ ಪನಾಮಾ ಸೊರಗು ರೋಗವೆಂದು ಸಂಶಯಿಸಬೇಕು. ಅಂಥ ತೋಟದಿಂದ ಕಂದುಗಳನ್ನು ತರಬಾರದು.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ಈ ಪರೀಕ್ಷೆಗಳನ್ನು ಮಾಡಿ ತೋರಿಸಿದರೆ, ಭಾಷಣಕ್ಕಿಂತ ಹೆಚ್ಚು ಪರಿಣಾಮವಾಗುವುದು.

ರೋಗ ಹರಡುವ ಚಾಕು

ರೋಗ ತೋರಿಸುವ ಚಾಕುವೇ ರೋಗವನ್ನು ಹೊತ್ತು ತರಲೂಬಹುದು. ರೋಗದ ಗಿಡವನ್ನು ಕೊಯ್ದ ಅಲಗಿಗೆ ಅಂಟಿದ ರಸದಲ್ಲಿ ರೋಗಾಣುಗಳಿರುತ್ತವೆ. ಅದೇ ಅಲಗಿನಿಂದ ಮುಂದಿನ ಗಿಡವನ್ನು ಕೊಯ್ದರೆ ಅಲ್ಲಿನ ಹಸಿ ಗಾಯಕ್ಕೆ ಅವನ್ನು ನಾವೇ ಬಿತ್ತಿದಂತಾಗುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗಕ್ಕೆ ಎಷ್ಟೋ ತೋಟಗಳು ಬಲಿಯಾದುದನ್ನು ನಮ್ಮ ಉತ್ತರ ಕರ್ನಾಟಕದ ಬೆಳೆಗಾರರು ಬಲ್ಲರು. ಈ ರೋಗ ಮಳೆ, ಗಾಳಿ, ರೋಗದ ಸಸಿಗಳ ಜೊತೆಗೆ ಸವರುವ ಕತ್ತರಿಯಿಂದಲೂ ಹರಡುತ್ತದೆ. ತೋಟದಿಂದ ತೋಟಕ್ಕೆ ಹೋಗುವ ಸವರುವ ತಂಡಗಳ ಕತ್ತರಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಕಬ್ಬಿನಲ್ಲಿ ಕೂಳೆ ಬೆಳೆಯನ್ನು ಗಿಡ್ಡಾಗಿಸುವ ರೋಗವೂ ಬಿತ್ತನೆ ತುಂಡು ಕತ್ತರಿಸುವ ಮಚ್ಚಿನಿಂದ ಹರಡುತ್ತದೆ. ತಂಬಾಕು ಮತ್ತು ಟೊಮೆಟೊ ಬೆಳೆಗಳ ಕೆಲವು ನಂಜು ರೋಗಗಳು ಕೈಯಿಂದ ಹಾಗೂ ಚಾಕುವಿನಿಂದ ಗಿಡದಿಂದ ಗಿಡಕ್ಕೆ ದಾಟುತ್ತವೆ.

ಇದನ್ನು ತಡೆಯಲು ಈ ಕ್ರಮಗಳನ್ನು ಅನುಸರಿಸಬೇಕು:

• ಅಂಗಡಿಯಲ್ಲಿ ದೊರೆಯುವ ಶೇಕಡ 4ರಿಂದ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಒಂದು ಭಾಗಕ್ಕೆ 3 ಭಾಗ ನೀರು ಬೆರೆಸಿದರೆ ಸುಮಾರು ಶೇಕಡ 1ರ ದ್ರಾವಣವಾಗುತ್ತದೆ. ಒಂದು ಗಿಡ ಮುಗಿದೊಡನೆ ಅಲಗನ್ನು ಅದರಲ್ಲಿ ಅದ್ದಬೇಕು.

• ಎರಡು ಕತ್ತರಿಗಳಿದ್ದರೆ ಒಳ್ಳೆಯದು. ಒಂದರಿಂದ ಕೆಲಸ ಮಾಡುವಾಗ ಇನ್ನೊಂದು ದ್ರಾವಣದಲ್ಲಿ ನೆನೆಯುತ್ತಿರಬೇಕು. ಇದರಿಂದ ಕೆಲಸವೂ ನಿಲ್ಲುವುದಿಲ್ಲ.

• ದ್ರಾವಣವನ್ನು ಪ್ರತಿದಿನ ಹೊಸದಾಗಿ ತಯಾರಿಸಬೇಕು. ಬಿಸಿಲಿಗೆ ಹಾಗೂ ಗಿಡದ ಕಸ ಸೇರಿದಾಗ ಅದರ ಶಕ್ತಿ ಕುಂದುತ್ತದೆ. ಪ್ಲಾಸ್ಟಿಕ್ ಪಾತ್ರೆ ಬಳಸಿರಿ. ಇದಕ್ಕೆ ಯಾವುದೇ ಆಮ್ಲವನ್ನು ಬೆರೆಸಬಾರದು, ವಿಷಾನಿಲ ಬರುತ್ತದೆ.

• ಈ ದ್ರಾವಣ ಉಕ್ಕನ್ನು ತಿನ್ನುತ್ತದೆ. ಸಂಜೆ ಅಲಗನ್ನು ಚೆನ್ನಾಗಿ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಬೇಕು. ಶೇಕಡ 70ರ ಸ್ಪಿರಿಟ್ಟಿನಿಂದ ಒರೆಸುವುದೂ ಒಂದು ವಿಧಾನ. ಆದರೆ ಸ್ಪಿರಿಟ್ಟಿನ ಹತ್ತಿರ ಬೀಡಿ, ಬೆಂಕಿ ಕೂಡದು.

• ಕಬ್ಬಿನ ಬಿತ್ತನೆ ತುಂಡುಗಳನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 2 ಗಂಟೆಗಳ ಕಾಲ ಉಪಚರಿಸಿ ರೋಗಮುಕ್ತಗೊಳಿಸಿದರೂ, ಮಚ್ಚು ಶುದ್ಧವಾಗಿಲ್ಲದಿದ್ದರೆ ಆ ಶ್ರಮ ವ್ಯರ್ಥ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಹೂಪಯೋಗಿ ಚಾಕುವಿನ ಕೀಲು, ಸಂದುಗಳಲ್ಲಿ ಗಿಡದ ರಸ ಸೇರಿಕೊಂಡರೆ ಒರೆಸಿದರೂ ಹೋಗುವುದಿಲ್ಲ. ಆದ್ದರಿಂದ ತೋಟ ಸವರಲು, ಕಸಿ ಕಟ್ಟಲು ಇದನ್ನು ಬಳಸದೆ ಪ್ರತ್ಯೇಕ ಸಾಧನಗಳನ್ನೇ ಇಟ್ಟುಕೊಳ್ಳಬೇಕು. ಮಾವಿನ ಮೃದುಕಾಂಡ ಕಸಿಯಲ್ಲಿ ಬೇರುಸಸಿಯ ಸೀಳೂ ಕಸಿಕಡ್ಡಿಯ ಬೆಣೆಯಾಕಾರದ ಮುಖವೂ ಸಂದಿಲ್ಲದೆ ಕೂಡಬೇಕು. ಮೊಂಡು ಅಲಗು ಅಂಗಾಂಶವನ್ನು ಜಜ್ಜುತ್ತದೆ, ಜಜ್ಜಿದ ಕಡೆ ಕಸಿ ಹತ್ತುವುದಿಲ್ಲ. ಕಸಿ ಚಾಕುವಿನ ಅಲಗನ್ನು ಒಂದೇ ಬದಿಯಿಂದ ಮಸೆದಿರುವುದೂ ಕೊಯ್ತದ ಮುಖ ಸಮತಟ್ಟಾಗಿ ಬರಲೆಂದೇ. ಅಂಥ ಚಾಕುವಿನಿಂದ ಹಗ್ಗ ಕೊಯ್ಯುವುದು ಅದಕ್ಕೆ ಮಾಡುವ ಅನ್ಯಾಯ.

ಹರಿತಗೊಳಿಸುವುದು

ಮೊಂಡು ಚಾಕು ಅಪಾಯವಿಲ್ಲದ್ದು ಎಂಬುದು ತಪ್ಪು ತಿಳಿವಳಿಕೆ. ಮೊಂಡಾದಷ್ಟೂ ಹೆಚ್ಚು ಒತ್ತಬೇಕಾಗುತ್ತದೆ, ಒತ್ತಿದಾಗ ಅಲಗು ಜಾರುತ್ತದೆ, ಜಾರಿದಾಗ ಕೈ ಕೊಯ್ಯುತ್ತದೆ.

ಒಂದು ಬದಿ ಉರುಟು, ಇನ್ನೊಂದು ಬದಿ ನುಣುಪಾಗಿರುವ ಸಾಣೆಕಲ್ಲನ್ನು ಒದ್ದೆ ಗೋಣಿಯ ಮೇಲಿಟ್ಟರೆ ಅದು ಸರಿಯುವುದಿಲ್ಲ. ಕಲ್ಲಿಗೆ ನೀರು ಚಿಮುಕಿಸಿ, ಅಲಗನ್ನು ಕಲ್ಲಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಅಲಗನ್ನು ಮೊದಲು ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅದರ ಅರ್ಧಕ್ಕೆ ಬಾಗಿಸಿದರೆ ಹೆಚ್ಚುಕಡಿಮೆ ಆ ಓರೆ ಸಿಗುತ್ತದೆ. ಕಲ್ಲಿನಿಂದ ತೆಳುವಾದ ಪದರವನ್ನು ಹೆರೆಯುವಂತೆ ಬುಡದಿಂದ ಮೊನೆಯವರೆಗೆ ಎಳೆಯಬೇಕು. ಒಂದು ಬದಿ ಮಸೆದಾಗ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ಒರಟು ತಾಗುತ್ತದೆ. ಆಗ ಬದಿ ಬದಲಿಸಬೇಕು. ಕೊನೆಗೆ ನುಣುಪು ಬದಿಯಲ್ಲಿ ಹಗುರವಾಗಿ ಎಳೆದು, ಹಳೆಯ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ನಾಲ್ಕಾರು ಬಾರಿ ಉಜ್ಜಿದರೆ ಒರಟು ಹೋಗುತ್ತದೆ. ಹರಿತವನ್ನು ಹೆಬ್ಬೆರಳಿನಿಂದ ನೋಡದೆ, ಹಣ್ಣಾದ ಟೊಮೆಟೊದ ಸಿಪ್ಪೆಯ ಮೇಲೆ ಭಾರ ಹಾಕದೆ ಎಳೆದು ನೋಡಬೇಕು.

ಯಂತ್ರದ ಸಾಣೆಯಲ್ಲಿ ಕಿಡಿ ಹಾರಿಸಿ ಮಸೆಸಿದಾಗ ಅಲಗಿನ ಅಂಚು ನೀಲಿಗಟ್ಟಿದರೆ, ಉಕ್ಕಿಗೆ ಕೊಟ್ಟ ಹದ ಹೋಯಿತೆಂದೇ ತಿಳಿಯಬೇಕು. ಅಂಥ ಅಂಚು ಎಷ್ಟು ಮಸೆದರೂ ನಿಲ್ಲುವುದಿಲ್ಲ. ಸಾಣೆ ಹಿಡಿಸುವಾಗ ಆಗಾಗ ನೀರಿನಲ್ಲಿ ಅದ್ದುವಂತೆ ಹೇಳಿರಿ.

ಅಲಗಿನ ಉಕ್ಕಿನಲ್ಲಿ ಎರಡು ಬಗೆ. ಸಾದಾ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ನಿಂಬೆ, ಮಾವಿನ ಸೊನೆ, ಅಡಿಕೆಯ ಒಗರು ತಾಗಿದರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಕ್ರೋಮಿಯಂ ಬೆರೆತ ತುಕ್ಕುನಿರೋಧಕ ಉಕ್ಕು ಮಳೆಗಾಲಕ್ಕೆ ಒಳ್ಳೆಯದು. ಆದರೆ ಅದಕ್ಕೂ ತುಕ್ಕು ಬಾರದೇ ಇಲ್ಲವೆಂದಲ್ಲ, ಒದ್ದೆಯಾಗಿ ಮಡಚಿಟ್ಟರೆ ಕೀಲಿನಲ್ಲಿ ಬರುತ್ತದೆ. ವಾರಕ್ಕೊಮ್ಮೆ ಎಲ್ಲ ಸಾಧನಗಳನ್ನೂ ಬಿಡಿಸಿ, ಬಿಸಿನೀರು ಸೋಪಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಪ್ರತಿ ಕೀಲಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ನಾಲ್ಕು ಸಲ ಮಡಚಿ ಬಿಡಿಸಬೇಕು.

ಚಾಕುವಿನಿಂದ ಮಾಡಬಾರದ ಕೆಲಸಗಳು

1. ಹಾವು ಕಚ್ಚಿದ ಗಾಯವನ್ನು ಕೊಯ್ಯಬಾರದು. ಚಾಕು ಜೇಬಿನಲ್ಲಿದ್ದವರಿಗೆ ಮೊದಲು ಹೊಳೆಯುವುದು ಇದೇ. ಕೊಯ್ದರೆ ವಿಷ ಹೊರಗೆ ಬರುವುದಿಲ್ಲ. ಮಂಡಲದ ಹಾವಿನ ವಿಷದಿಂದ ರಕ್ತ ಹೆಪ್ಪುಗಟ್ಟುವುದು ನಿಂತಿರುವಾಗ ಕೊಯ್ದ ಗಾಯವೇ ಪ್ರಾಣಕ್ಕೆ ಎರವಾಗಬಹುದು. ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಸಹ ತಪ್ಪು. ಉಂಗುರ, ಕಾಲುಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲನ್ನು ದಬ್ಬೆ ಕಟ್ಟಿದಂತೆ ಅಲುಗಾಡದಂತೆ ಇರಿಸಿ, ನಡೆಸದೆ ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷದ ಚುಚ್ಚುಮದ್ದು ಇದೆ. ಅದಕ್ಕೆ ಹಾವನ್ನು ಕೊಂದು ತರಬೇಕಾಗಿಲ್ಲ.

2. ಹೊಟ್ಟೆ ಉಬ್ಬರಿಸಿದ ದನಕ್ಕೆ ಚಾಕು ಚುಚ್ಚಬಾರದು. ಪಶುವೈದ್ಯರು ಇದಕ್ಕೆಂದೇ ಕೊಳವೆ ಸಹಿತವಾದ ಸಾಧನವನ್ನು ಬಳಸುತ್ತಾರೆ. ಚಾಕುವಿನ ಗಾಯದಿಂದ ಮೇವಿನ ರಸ ಹೊಟ್ಟೆಯ ಪೊರೆಯೊಳಗೆ ಸೋರಿ, ಉಬ್ಬರದಿಂದ ಉಳಿದ ದನ ನಂಜಿನಿಂದ ಸಾಯಬಹುದು. ದನದ ಮುಂಭಾಗ ಎತ್ತರದಲ್ಲಿರುವಂತೆ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕರೆಸಿರಿ.

3. ಕೊರಳಿಗೆ ಹಗ್ಗ ಬಿಗಿದ ದನವನ್ನು ಬಿಡಿಸುವಾಗ ಕೊರಳಿನ ಮೇಲೆಯೇ ಕೊಯ್ಯಬಾರದು. ಒಬ್ಬರು ದನದ ತಲೆಯನ್ನು ಗೂಟದ ಕಡೆಗೆ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಕೊರಳಿಗೂ ಗೂಟಕ್ಕೂ ನಡುವೆ ಬಿಗಿದ ಹಗ್ಗವನ್ನು ಕೊಯ್ಯಬೇಕು. ಕುಣಿಕೆಯನ್ನೇ ಕೊಯ್ಯಬೇಕಾಗಿ ಬಂದರೆ ಅಲಗನ್ನು ಚರ್ಮಕ್ಕೆ ಒರಗಿಸಿ ತೂರಿಸಿ, ಹರಿತ ಅಂಚು ಹೊರಮುಖವಾಗಿ ತಿರುಗಿಸಿ ಹೊರಕ್ಕೆ ಎಳೆಯಬೇಕು.

4. ವಿದ್ಯುತ್ ತಂತಿ ಮುಟ್ಟಬಾರದು. ಚಾಕುವಿನ ಹಿಡಿ ಪ್ಲಾಸ್ಟಿಕ್ಕಿನದಾದರೂ ಅದರೊಳಗಿನ ಲೋಹ ಹೊರಗೆ ಕಾಣುತ್ತಿರುತ್ತದೆ, ಅದು ವಿದ್ಯುತ್ ನಿರೋಧಕವಲ್ಲ. ಪಂಪುಸೆಟ್ಟಿನ ಪೆಟ್ಟಿಗೆಯಲ್ಲಿ ತಂತಿಯ ಹೊದಿಕೆ ಹೆರೆಯುವ ಮುಂಚೆ ಮುಖ್ಯ ಸ್ವಿಚ್ಚು ಆರಿಸಿ, ಫ್ಯೂಸುಗಳನ್ನು ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿರಿ. ಕರೆಂಟು ಹೋಗಿದೆ ಎಂದು ನಂಬಿ ಕೈ ಹಾಕಬಾರದು, ಅದು ಯಾವ ಕ್ಷಣದಲ್ಲಾದರೂ ಬರಬಹುದು.

5. ಕೀಟನಾಶಕದ ಪೊಟ್ಟಣ ಕತ್ತರಿಸಿದ ಚಾಕುವಿನಿಂದ ಹಣ್ಣು, ಸೌತೆಕಾಯಿ ಕೊಯ್ಯಬಾರದು. ಔಷಧಿಯ ಪೆಟ್ಟಿಗೆಗೇ ಒಂದು ಹಳೆಯ ಕತ್ತರಿಯನ್ನು ಕಟ್ಟಿ, ಕೆಂಪು ದಾರ ಸುತ್ತಿ ಗುರುತು ಮಾಡಿರಿ. ಆ ಕತ್ತರಿ ಅದಕ್ಕೇ ಮೀಸಲು.

6. ಅಲಗಿಗೆ ಬೀಗವಿಲ್ಲದ ಚಾಕುವಿನಿಂದ ಚುಚ್ಚುವ ಅಥವಾ ಮೀಟುವ ಕೆಲಸ ಮಾಡಬಾರದು. ಒತ್ತಡ ಹಿಂದಕ್ಕೆ ಬಂದಾಗ ಅಲಗು ಮಡಚಿ ಬೆರಳಿನ ಮೇಲೆ ಬೀಳುತ್ತದೆ. ಕೊಯ್ಯುವಾಗ ಯಾವಾಗಲೂ ಮೈಯಿಂದ ಹೊರಗಡೆಗೆ ಕೊಯ್ಯಬೇಕು. ಒಬ್ಬರಿಂದೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಬೇಕು.

7. ಗಾಯವಾದರೆ ಅಲಕ್ಷಿಸಬಾರದು. ಮಣ್ಣು, ಸಗಣಿ ಸೋಕಿದ ಚಾಕುವಿನ ಸಣ್ಣ ಗಾಯದಿಂದಲೂ ಧನುರ್ವಾಯು ಬರಬಹುದು. ಗಾಯಕ್ಕೆ ಸುಣ್ಣ, ಸಗಣಿ, ಬೀಡಿಯ ಬೂದಿ ಹಚ್ಚದೆ, ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು.

ಕೊಳ್ಳುವಾಗ ಮತ್ತು ಇಟ್ಟುಕೊಳ್ಳುವಾಗ

ಕೊಳ್ಳುವ ಮುಂಚೆ ಪ್ರತಿ ಸಾಧನವನ್ನೂ ಬಿಡಿಸಿ ನೋಡಿರಿ. ಅಲಗು ಅತ್ತಿತ್ತ ಅಲುಗಬಾರದು, ಮಡಚುವಾಗ ಹಿಡಿಗೆ ಒರೆಯಬಾರದು, ಉಗುರಿನಿಂದ ತೆರೆಯಲು ಸಾಧ್ಯವಾಗಬೇಕು. ಕೆಲಸಕ್ಕೆ 6ರಿಂದ 8 ಸೆಂ.ಮೀ. ಉದ್ದದ ಅಲಗು ಸಾಕು. ಹಿಡಿಯ ಬಣ್ಣ ಕೆಂಪು ಅಥವಾ ಹಳದಿ ಇರಲಿ. ಹಸಿರು, ಕಂದು ಬಣ್ಣದ ಚಾಕು ಹುಲ್ಲಿನಲ್ಲಿ ಬಿದ್ದರೆ ಸಿಗುವುದು ಕಷ್ಟ. ಅಂಗಿಯ ಮೇಲಿನ ಜೇಬಿನಲ್ಲಿಟ್ಟ ಚಾಕು ಬಾವಿಗೆ ಬಗ್ಗಿದಾಗ ನೀರುಪಾಲಾಗುತ್ತದೆ. ಹಿಡಿಯ ಬಳೆಗೆ ಗಟ್ಟಿ ದಾರ ಕಟ್ಟಿ ಉಡಿದಾರಕ್ಕೋ ಸೊಂಟದ ಪಟ್ಟಿಗೋ ಸಿಕ್ಕಿಸುವುದು ಕ್ಷೇಮ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಎಲೆಯಡಿಕೆ ಚೀಲದಲ್ಲಿ ಒಂದನ್ನು ಇಟ್ಟುಕೊಳ್ಳಬಹುದು. ಕಳೆ ತೆಗೆಯುವಾಗ, ಹಸು ಕಟ್ಟುವಾಗ ಅದರ ಅಗತ್ಯ ಅವರಿಗೇ ಹೆಚ್ಚು.

ಕಾನೂನಿನ ದೃಷ್ಟಿಯಿಂದ ವ್ಯವಸಾಯಕ್ಕಾಗಿ ಮತ್ತು ಮನೆಬಳಕೆಗಾಗಿ ತಯಾರಿಸಿದ ಚಾಕುಗಳಿಗೆ ಆಯುಧ ನಿಯಮಗಳಿಂದ ವಿನಾಯಿತಿ ಇದೆ. ಉಳಿದ ಚಾಕುಗಳಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಇರುವುವು ಆ ನಿಯಮಗಳಿಗೆ ಒಳಪಡುತ್ತವೆ. ಜೇಬಿನ ಚಾಕು ಇದಕ್ಕಿಂತ ಎಷ್ಟೋ ಚಿಕ್ಕದು. ಆದರೂ ಜಾತ್ರೆ, ಸಭೆ, ನ್ಯಾಯಾಲಯಗಳಿಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗುವುದು ವಿವೇಕ. ವಿಮಾನದಲ್ಲಿ ಪ್ರಯಾಣ ಮಾಡುವವರು ಅದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಬೇಕು.

ಉಪಸಂಹಾರ

ಚಾಕು ಬಹಳ ಸಣ್ಣ ಸಾಧನ. ಅದರಿಂದ ಇಳುವರಿ ಇಮ್ಮಡಿಯಾಗದು. ಆದರೆ ಸಮಯಕ್ಕೆ ಸೀಳಿದ ಒಂದು ಹತ್ತಿಕಾಯಿ ಹೊಲವನ್ನು ಉಳಿಸಬಹುದು, ಶುದ್ಧ ಮಾಡದ ಒಂದು ಅಲಗು ದಾಳಿಂಬೆ ತೋಟವನ್ನೇ ಕೆಡಿಸಬಹುದು. ಆದ್ದರಿಂದ ರೈತ ಬಾಂಧವರು ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕು: ಹರಿತವಾಗಿಡಿ, ಶುದ್ಧವಾಗಿಡಿ, ಒಣಗಿಸಿ ಎಣ್ಣೆ ಹಾಕಿಡಿ, ಕೆಲಸವನ್ನು ಅರಿತು ಬಳಸಿರಿ. ಆ ಕರುವಿನ ಘಟನೆಯ ನಂತರ ಪ್ರತಿ ಭಾನುವಾರ ಬೆಳಿಗ್ಗೆ ನಾನು ನನ್ನ ಚಾಕುವಿನ ಕೀಲಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ. ಅದಕ್ಕೆ ಹಿಡಿಯುವುದು ಐದೇ ನಿಮಿಷ. ಓದುಗರೂ ತಮ್ಮ ಮನೆಯಲ್ಲಿರುವ ಚಾಕುವನ್ನು ಇಂದೇ ಒಮ್ಮೆ ಬಿಡಿಸಿ ನೋಡುವರೆಂದು ಆಶಿಸುತ್ತೇನೆ.